ಗುರುದೇವಿಯ ಟೈಮ್ ಸ್ಟಡಿ

ಗುರುದೇವಿಗೆ ಸಿಟ್ಟು ಬಂದರೆ ಬಾಯಿ ಕಟ್ಟಿಹೋಗುತ್ತದೆ, ಕೈ ಚುರುಕಾಗುತ್ತದೆ. ಅಕ್ಟೋಬರ್ ಕೊನೆಯ ಆ ಭಾನುವಾರ ಅವಳು ರೊಟ್ಟಿ ಬಡಿದ ಸದ್ದು ಮೇಲಿನ ಮನೆಯಲ್ಲಿರುವ ಮಾಲಕಿ ಅಕ್ಕಯ್ಯಮ್ಮನವರಿಗೂ ಕೇಳಿಸಿತ್ತು. ಕೆಳಗಿನವಳು ಇವತ್ತು ರೊಟ್ಟಿ ಬಡೀತಿಲ್ಲ, ಯಾರನ್ನೋ ಬಡೀತಿದಾಳೆ ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡರಂತೆ.

ಹಿಂದಿನ ದಿನ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಗಾರ್ಮೆಂಟಿನಲ್ಲಿ ಗುರುದೇವಿಗೆ ರಜೆ ಕೊಡಲಿಲ್ಲ. ಗಂಡ ಶ್ರೀಶೈಲ ಲೇತ್ ಅಂಗಡಿಯಲ್ಲಿ ಒಂದು ತಾಸು ಕೇಳಿಕೊಂಡು ಹೋಗಿ ಬಂದಿದ್ದ. ಮಗಳು ಇಂಚರಾ ಐದನೆಯ ಕ್ಲಾಸು. ಅರ್ಧವಾರ್ಷಿಕದಲ್ಲಿ ಗಣಿತಕ್ಕೆ ಐವತ್ತಕ್ಕೆ ಹದಿನಾಲ್ಕು ಬಿದ್ದಿತ್ತು. ಜೂನ್, ಜುಲೈನಲ್ಲಿ ಚೆನ್ನಾಗಿ ಮಾಡುತ್ತಿದ್ದವಳು ಹೀಗೇಕಾದಳು, ಮನೆಯಲ್ಲಿ ಸ್ವಲ್ಪ ನೋಡಿ ಎಂದು ಕ್ಲಾಸ್ ಟೀಚರ್ ಕಲಾ ಮಿಸ್ ಕೇಳಿದರು. ಶ್ರೀಶೈಲ ಎಲ್ಲ ತಂದೆತಾಯಂದಿರ ಎದುರಿಗೆ ಎರಡು ಕಾರಣ ಕೊಟ್ಟ. ಒಂದು, ಖೋಖೋ ಆಡಿ ಆಡಿ ಹುಡುಗಿ ಹಾಳಾಗಿದ್ದಾಳೆ. ಇನ್ನೊಂದು, ಅವಳ ಅವ್ವನಿಗೆ ಮನೆಯ ಮೇಲೆ ಲಕ್ಷ್ಯವಿಲ್ಲ. ಅಲ್ಲೇ ಒಂದು ಹಾಳೆ ಇಸಕೊಂಡು, ನನ್ನ ಮಗಳನ್ನು ಖೋಖೋ ತಂಡದಿಂದ ಬಿಡಿಸಬೇಕಾಗಿ ವಿನಂತಿ ಎಂದು ಬರೆದು ಸಹಿ ಹಾಕಿ ಬಂದ.

ಮೊದಲನೆಯ ಕಾರಣವನ್ನು ಅವನೇ ಮನೆಗೆ ಬಂದು ಹೇಳಿದ, ಏನೋ ದೊಡ್ಡ ಕೆಲಸ ಮುಗಿಸಿ ಬಂದವನ ಹಾಗೆ. ಎರಡನೆಯದನ್ನು ಇಂಚರಾ ಹೇಳಿದಳು, ಭಾನುವಾರ ತಲೆ ಬಾಚಿಸಿಕೊಳ್ಳುವಾಗ, ಕನ್ನಡಿಯಲ್ಲಿ ಅವ್ವನ ಮುಖ ನೋಡದೆ. ನವೆಂಬರ್ ಕೊನೆಗೆ ವಿಜಯನಗರದ ಕನ್ನಡ ಸಂಘದವರು ರಾಜ್ಯೋತ್ಸವದ ಖೋಖೋ ಪಂದ್ಯ ಇಟ್ಟಿದ್ದರು. ಹನ್ನೆರಡು ಹುಡುಗಿಯರ ಪಟ್ಟಿಯಲ್ಲಿ ಇಂಚರಾಳ ಹೆಸರು ನಾಲ್ಕನೆಯದಾಗಿತ್ತು. ಪಟ್ಟಿ ಸಂಘಕ್ಕೆ ಹೋಗಲು ಇನ್ನು ಎಂಟು ದಿನವಿತ್ತು.

ಗುರುದೇವಿ ಜಡೆ ಹೆಣೆದು ಮುಗಿಸಿದಳು. ರಿಬ್ಬನ್ ಕಟ್ಟುವಾಗ ಎಷ್ಟು ಬಿಗಿದಳೆಂದರೆ ಹುಡುಗಿ ಹಾ ಎಂದಳು.

ಹುನಗುಂದದ ಕಡೆಯ ಹಳ್ಳಿಯಿಂದ ಬಂದು ಕಾಮಾಕ್ಷಿಪಾಳ್ಯದಲ್ಲಿ ಇಳಿದಾಗ ಗುರುದೇವಿಗೆ ಇಪ್ಪತ್ತೊಂದು, ಹೊಟ್ಟೆಯಲ್ಲಿ ಈ ಹುಡುಗಿ. ಹೆರಿಗೆಯಾಗಿ ಐದು ತಿಂಗಳಿಗೆ ಗಾರ್ಮೆಂಟು ಸೇರಿದಳು. ಮೊದಲು ದಾರ ಕತ್ತರಿಸುವ ಹೆಲ್ಪರ್, ಆಮೇಲೆ ಟೈಲರ್, ಕಾಲರ್ ಹೊಲಿಯುವ ಲೈನಿನಲ್ಲಿ. ಆ ಲೈನಿಗೆ ತಿಂಗಳಿಗೊಮ್ಮೆ ಟೈಮ್ ಸ್ಟಡಿಯವನು ಬರುತ್ತಿದ್ದ. ಕೈಯಲ್ಲಿ ಸ್ಟಾಪ್‌ವಾಚು. ಹಿಂದೆ ಒಂದು ಮೊಳ ದೂರದಲ್ಲಿ ನಿಲ್ಲುತ್ತಿದ್ದ, ಮಾತಾಡುತ್ತಿರಲಿಲ್ಲ. ಒಂದು ಕಾಲರಿಗೆ ಎಷ್ಟು ಸೆಕೆಂಡು, ನೂಲು ತುಂಡಾದರೆ ಎಷ್ಟು, ಕೆಮ್ಮಿದರೆ ಎಷ್ಟು, ಎಲ್ಲ ಬರೆಯುತ್ತಿದ್ದ. ಅವನು ನಿಂತಿದ್ದಾನೆ ಎಂಬ ಭಯಕ್ಕೆ ಕೈ ತಾನಾಗಿ ಓಡುತ್ತಿತ್ತು. ಆ ಓಟವೇ ಮರುದಿನದಿಂದ ಎಲ್ಲರ ಟಾರ್ಗೆಟ್ಟು. ಒಮ್ಮೆ ಅವಳ ಬೆನ್ನ ಹಿಂದಿನಿಂದ ಅವನು ಹೇಳಿದ್ದ, ನಿನ್ನ ಎಡಗೈಯಲ್ಲಿ ಹನ್ನೊಂದು ಸೆಕೆಂಡು ಸೋಮಾರಿತನ ಇದೆ ಅಂತ. ಮೂಲವ್ಯಾಧಿಗೆ ಔಷಧ ತಗೊಳ್ಳುತ್ತಿದ್ದ ಹೆಂಗಸೊಬ್ಬಳು ಬಾತ್‌ರೂಮಿಗೆ ಹೋಗಿ ಬರುವುದನ್ನೂ ಅವನು ಅಳೆದಿದ್ದ.

ಗುರುದೇವಿ ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಅಕ್ಷರ ದುಂಡು. ಟೈಮ್ ಸ್ಟಡಿಯ ದಿನ ಅಂಕಿ ಬರೆದುಕೊಡಲು ಒಬ್ಬರು ಬೇಕೆಂದಾಗ ಅವಳನ್ನೇ ಕರೆದರು. ಅಲ್ಲಿಂದಾಚೆಗೆ ಅವಳು ಆ ವಿದ್ಯೆಯನ್ನು ಒಳಗಿನಿಂದ ಕಲಿತಳು. ನೋಡುವವನು ಕೆಲಸಕ್ಕೆ ಕೈ ಹಾಕಬಾರದು. ಮಷಿನು ನಿಂತರೆ ಕೆಂಪು ಇಂಕಿನಲ್ಲಿ, ಯಾಕೆ ನಿಂತಿತು, ಯಾರಿಂದ ನಿಂತಿತು ಎಂದು ಬರೆಯಬೇಕು. ಐದು ದಿನ ನೋಡದೆ ಯಾವುದನ್ನೂ ಹೇಳಬಾರದು.

ಸೋಮವಾರ ಬೆಳಿಗ್ಗೆ, ಕೆಲಸ ಶುರುವಾಗಿ ಅರ್ಧ ಗಂಟೆಗೆ, ಅವಳ ಎಡಗೈ ತೋರುಬೆರಳಿನಲ್ಲಿ ಸೂಜಿ ಹೊಕ್ಕು ಉಗುರಿನ ಆಚೆ ಬಂತು. ಹತ್ತು ವರ್ಷದಲ್ಲಿ ಮೊದಲ ಸಲ. ಸಿಟ್ಟಿನಲ್ಲಿದ್ದವಳ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಇ.ಎಸ್.ಐ. ಡಾಕ್ಟರು ಬ್ಯಾಂಡೇಜು ಸುತ್ತಿ, ಶನಿವಾರದವರೆಗೆ ಮನೆಯಲ್ಲಿರಿ ಎಂದರು. ಬಸ್ಸಿನಲ್ಲಿ ಕೂತು ಅವಳು ಬೆರಳಿನ ನೋವನ್ನು ಯೋಚಿಸಲಿಲ್ಲ. ಇಳಿದವಳೇ ಅಂಗಡಿಯಲ್ಲಿ ಒಂದು ನೋಟ್‌ಬುಕ್ಕು, ಒಂದು ಕೆಂಪು ಪೆನ್ನು ಕೊಂಡಳು.

ಸಂಜೆ ನಾಲ್ಕು ಹತ್ತಕ್ಕೆ ಇಂಚರಾ ಬಂದಳು. ಗುರುದೇವಿ ಮಂಚದ ಮೇಲೆ ಕೂತು ಫೋನಿನ ಸ್ಟಾಪ್‌ವಾಚು ಒತ್ತಿದಳು.

ನಾಲ್ಕು ಇಪ್ಪತ್ತಕ್ಕೆ ನಲ್ಲಿ. ಆರು ಕೊಡ, ಓಣಿಯಿಂದ ಒಳಗೆ. ನಾಲ್ಕು ಐವತ್ತಕ್ಕೆ ಮೈದುನ ಕಲ್ಮೇಶ್ ಎದ್ದ. ಅವನು ಶ್ರಾವಣದಲ್ಲಿ ಊರಿಂದ ಬಂದು ಸೇರಿಕೊಂಡವನು, ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಮಧ್ಯಾಹ್ನದ ಊಟದ ಹೊತ್ತು ಒಂದು ಪಾಳಿ, ರಾತ್ರಿ ಊಟದ ಹೊತ್ತು ಇನ್ನೊಂದು, ನಡುವೆ ನಿದ್ದೆ. ಅವನಿಗೆ ಚಹಾ. ಮಧ್ಯಾಹ್ನ ಬೆವರಿದ ಕಂಪನಿಯ ಟೀ ಶರ್ಟು ಒಗೆದು ಫ್ಯಾನಿನ ಕೆಳಗೆ ಹಾಕಬೇಕು, ಏಳೂವರೆಗೆ ಒಣಗಿರಬೇಕು. ಆಮೇಲೆ ಮೆಂತ್ಯ ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು. ಆರು ನಲವತ್ತಕ್ಕೆ ಶ್ರೀಶೈಲ ಬಂದ. ಪುಟ್ಟೀ ಬಿಸಿನೀರು, ಪುಟ್ಟೀ ಟವೆಲ್ಲು, ಪುಟ್ಟೀ ಚಾರ್ಜರ್ ಎಲ್ಲಿ, ಪುಟ್ಟೀ ರಿಮೋಟ್ ಕೊಡು. ರಿಮೋಟು ಅವನ ತೊಡೆಯಿಂದ ಒಂದು ಗೇಣು ದೂರದಲ್ಲಿತ್ತು. ಏಳು ಇಪ್ಪತ್ತಕ್ಕೆ ಹುಡುಗಿ ಗಣಿತದ ಪುಸ್ತಕ ತೆರೆದಳು. ಏಳು ಇಪ್ಪತ್ತನಾಲ್ಕಕ್ಕೆ ಪುಟ್ಟೀ ಎಂದು ಕರೆ ಬಂತು. ಕೆಂಪು ಇಂಕು.

ಅತ್ತಿಗೆ ಮೊಬೈಲಿನಲ್ಲಿ ಏನೋ ಆಟ ಆಡುತ್ತಿದ್ದಾಳೆ ಎಂದು ಕಲ್ಮೇಶ್ ರಾತ್ರಿ ಪಾಳಿಗೆ ಹೊರಡುತ್ತ ಅಣ್ಣನಿಗೆ ಹೇಳಿ ನಕ್ಕ. ಬೆರಳಿಗೆ ಪೆಟ್ಟಾದರೂ ಪುಣ್ಯಾತ್ಗಿತ್ತಿಗೆ ಆಟ ಬೇಕು ಎಂದು ಅಣ್ಣನೂ ನಕ್ಕ. ಗುರುದೇವಿ ಅದನ್ನೂ ಬರೆದುಕೊಂಡಳು, ಹೊತ್ತಿನ ಸಮೇತ.

ಸುಲಭವಾಗಿರಲಿಲ್ಲ. ಎರಡನೆಯ ದಿನ ನಾಲ್ಕನೆಯ ಕೊಡಕ್ಕೆ ಹುಡುಗಿಯ ಸೊಂಟ ಒಂದು ಕಡೆ ವಾಲಿತು. ಗುರುದೇವಿ ಎದ್ದೇಬಿಟ್ಟಿದ್ದಳು. ಈಗ ಕೈ ಹಾಕಿದರೆ ಲೆಕ್ಕ ಕೆಡುತ್ತದೆ, ಕೆಟ್ಟ ಲೆಕ್ಕ ಹಿಡಿದು ಯಾರ ಎದುರಿಗೂ ನಿಲ್ಲಲಾಗದು ಎಂದು ಮತ್ತೆ ಕೂತಳು. ನೆಟ್ಟಗಿದ್ದ ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ತನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದವನಿಗೂ ಯಾವತ್ತಾದರೂ ಹೀಗೆ ಅನ್ನಿಸಿತ್ತೇ ಎಂದು ಒಂದು ಕ್ಷಣ ಯೋಚಿಸಿದಳು. ಅನ್ನಿಸಿರಲಿಕ್ಕಿಲ್ಲ.

ಬುಧವಾರ ಇಂಚರಾ ಬಂದು ನೋಟ್‌ಬುಕ್ಕಿನಲ್ಲಿ ಇಣುಕಿದಳು. ಎಲ್ಲ ಓದಿದಳು, ಬೆರಳಿಟ್ಟು, ಸಾಲು ಸಾಲಾಗಿ. ಆಮೇಲೆ ಹೇಳಿದಳು:

"ನಿಂದು ಬರ್ದೇ ಇಲ್ವಲ್ಲಮ್ಮ."

"ನಂದೇನೈತಿ?"

"ನೀನು ಕೆಲ್ಸಕ್ಕೆ ಹೋದಾಗ ಫೋನ್ ಮಾಡ್ತೀಯಲ್ಲ. ಅಕ್ಕಿ ನೆನೆಸಿದ್ಯಾ, ಕುಕ್ಕರ್ ಇಟ್ಯಾ, ಹಾಲು ಉಕ್ತಾ ಅಂತ. ದಿನಾ ಮೂರು ಸಲ."

ಗುರುದೇವಿಗೆ ಕೆನ್ನೆಗೆ ಹೊಡೆದಂತಾಯಿತು. ಏಳೂವರೆಗೆ ದಣಿದು ಮನೆ ಸೇರಿದರೆ ಕುಕ್ಕರು ಕೂಗಿ ತಣ್ಣಗಾಗಿರುತ್ತಿತ್ತು. ಅದನ್ನು ಕೂಗಿಸಿದವರು ಯಾರು ಎಂದು ಅವಳು ಕೇಳಿಕೊಂಡಿರಲಿಲ್ಲ. ತನ್ನ ಅವ್ವನೂ ತನ್ನನ್ನು ಹೀಗೇ ಬಳಸಿದ್ದಳು. ಏಳನೆಯ ಇಯತ್ತೆಯಲ್ಲಿ ಹಾಡಿನ ಸ್ಪರ್ಧೆಗೆ ಹೆಸರು ಕೊಟ್ಟಿದ್ದಾಗ ರೊಟ್ಟಿ ಬಡಿಯುವವರಿಲ್ಲ ಎಂದು ಮನೆಯಲ್ಲಿ ಉಳಿಸಿಕೊಂಡಿದ್ದಳು. ಗುರುದೇವಿ ಕೆಂಪು ಪೆನ್ನು ತೆಗೆದು ಪುಟದ ತುದಿಗೆ ತನ್ನ ಹೆಸರು ಬರೆದಳು. ಗುರುದೇವಿ, ದಿನಕ್ಕೆ ಮೂರು.

ಗುರುವಾರ ಮಗಳು ಶಾಲೆಗೆ ಹೋಗುವ ಮೊದಲು ಗಣಿತದ ಹೋಮ್‌ವರ್ಕ್ ಪುಸ್ತಕ ಇಸಕೊಂಡು ಜೂನ್ ತಿಂಗಳಿಂದ ತಿರುಗಿಸಿದಳು. ಅಲ್ಲಿ ಒಂದು ವಿಚಿತ್ರ ಕಂಡಿತು. ಸೋಮವಾರ, ಬುಧವಾರ, ಶುಕ್ರವಾರದ ಲೆಕ್ಕಗಳು ತುಂಬಿದ್ದವು, ಸರಿ ಗುರುತು ಬಿದ್ದಿದ್ದವು. ಮಂಗಳವಾರ, ಗುರುವಾರ ಅರ್ಧಂಬರ್ಧ. ಶ್ರಾವಣ ಕಳೆದ ಮೇಲೆ ವಾರಕ್ಕೆ ಒಂದೇ ದಿನ ತುಂಬಿತ್ತು. ಖೋಖೋ ಬಿಡಿಸಿದ ಮೇಲಿನ ಮೂರು ದಿನ ಬರೀ ತಾರೀಖು.

ಹುಡುಗಿಯನ್ನು ಕೂರಿಸಿ ಕೇಳಿದಳು. ಇಂಚರಾ ಚಪ್ಪಲಿಯ ಬಾರು ಎಳೆಯುತ್ತ ಬಿಡಿಸಿ ಹೇಳಿದಳು. ಖೋಖೋ ಇರುವುದು ಸೋಮವಾರ, ಬುಧವಾರ, ಶುಕ್ರವಾರ. ಅಂದಿನ ಹೋಮ್‌ವರ್ಕ್ ಮುಗಿಸಿ ತೋರಿಸದೆ ಯಾರೂ ಸುಣ್ಣದ ಗೆರೆ ದಾಟುವಂತಿಲ್ಲ, ಇದು ಪಿ.ಟಿ. ಮಾಸ್ತರು ವೆಂಕಟಸ್ವಾಮಿಯವರ ಕಾನೂನು. ಹುಡುಗಿಯರೆಲ್ಲ ವೇದಿಕೆಯ ಮೆಟ್ಟಿಲ ಮೇಲೆ ಕೂತು, ಏಳನೆಯ ಕ್ಲಾಸಿನವರನ್ನು ಕೇಳಿಕೊಂಡು, ಆಡುವ ಆಸೆಗೆ ಲೆಕ್ಕ ಮುಗಿಸುತ್ತಿದ್ದರು. ಕಾಕಾ ಬಂದ ಮೇಲೆ ನಾಲ್ಕು ಐವತ್ತಕ್ಕೆ ಚಹಾ ಬೇಕು ಎಂದ. ಅದಕ್ಕೇ ವಾರದ ಮೂರರಲ್ಲಿ ಎರಡು ದಿನ ಮೈದಾನ ಬಿಟ್ಟು ಓಡಿ ಬರತೊಡಗಿದ್ದಳು. ಮನೆಯಲ್ಲಿ ಜಗಳವಾಗುತ್ತದೆ ಎಂದು ಹೇಳಿರಲಿಲ್ಲ.

ಅಂದರೆ ಇಡೀ ವಾರದಲ್ಲಿ ಆ ಹುಡುಗಿ ನೆಮ್ಮದಿಯಾಗಿ ಲೆಕ್ಕ ಮಾಡುತ್ತಿದ್ದ ಜಾಗ ಖೋಖೋ ಮೈದಾನವೊಂದೇ. ಅದನ್ನೇ ಅವಳಪ್ಪ ಸಹಿ ಹಾಕಿ ಮುಚ್ಚಿಸಿ ಬಂದಿದ್ದ.

ಗುರುದೇವಿ ಶುಕ್ರವಾರವೂ ಬರೆದಳು. ಐದು ದಿನ ತುಂಬಿತು.

ಶನಿವಾರ ಬೆಳಗಿನ ಶಾಲೆ. ನೋಟ್‌ಬುಕ್ಕು, ಮಗಳ ಹೋಮ್‌ವರ್ಕ್ ಪುಸ್ತಕ ಹಿಡಿದು ಹೋದ ಗುರುದೇವಿ, ಹುಡುಗಿಯನ್ನು ಮತ್ತೆ ತಂಡಕ್ಕೆ ಸೇರಿಸಿಕೊಳ್ಳಿ ಎಂದಳು. ಕಲಾ ಮಿಸ್ ಮೊದಲು, ತಂದೆ ಬರೆದುಕೊಟ್ಟ ಪತ್ರವಿದೆ, ಅವರೇ ಬಂದು ಬೇರೆ ಪತ್ರ ಕೊಡಬೇಕಾಗುತ್ತದೆ ಎಂದರು. ಗುರುದೇವಿಗೆ ಬೇಕಾಗಿದ್ದದ್ದೂ ಅದೇ. ಹಾಗಿದ್ದರೆ ನೀವೇ ಫೋನ್ ಮಾಡಿ ಕರೆಸಿ, ನಾನು ಕರೆದರೆ ಬರುವುದಿಲ್ಲ ಎಂದಳು. ಶಾಲೆಯಿಂದ ಫೋನು ಬಂದರೆ ಎಂಥ ಅಪ್ಪನೂ ಬರುತ್ತಾನೆ. ಶ್ರೀಶೈಲ ಕೈಯ ಗ್ರೀಸು ಒರೆಸಿಕೊಳ್ಳುತ್ತ, ಮಗಳಿಗೆ ಏನಾಯಿತೋ ಎಂದು ಓಡಿ ಬಂದ. ಸ್ಟಾಫ್ ರೂಮಿನಲ್ಲಿ ಹೆಂಡತಿ ನೋಟ್‌ಬುಕ್ಕು ತೆರೆದು ಕೂತಿದ್ದಳು. ಸುತ್ತ ಐದಾರು ಟೀಚರುಗಳು, ಬಾಗಿಲ ಬಳಿ ಪಿ.ಟಿ. ಮಾಸ್ತರು ತಮ್ಮ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು.

ಗುರುದೇವಿ ಓದಿದಳು. ದನಿ ಏರಿಸಲಿಲ್ಲ, ಗಾರ್ಮೆಂಟಿನಲ್ಲಿ ಸೂಪರ್‌ವೈಸರಿಗೆ ಅಂಕಿ ಒಪ್ಪಿಸುವ ಹಾಗೆಯೇ ಓದಿದಳು. ಮೊದಲು ತನ್ನ ಹೆಸರು: ದಿನಕ್ಕೆ ಮೂರು ಫೋನು, ಅದರಿಂದ ಮಗಳ ನಲವತ್ತು ನಿಮಿಷ. ಅದನ್ನು ಕೇಳಿ ಶ್ರೀಶೈಲನ ಹೆಗಲು ಸಡಿಲವಾಯಿತು, ತಪ್ಪೊಪ್ಪಿಗೆಗೆ ತನ್ನನ್ನು ಕರೆಸಿದ್ದಾಳೆ ಎಂದುಕೊಂಡನೋ ಏನೋ. ಆಮೇಲೆ ಕಲ್ಮೇಶನ ಚಹಾ, ಕಲ್ಮೇಶನ ಶರ್ಟು. ಆಮೇಲೆ ಶ್ರೀಶೈಲ. ಐದು ಸಂಜೆಗೆ ಮಗಳನ್ನು ಕರೆದದ್ದು ನಲವತ್ತೊಂದು ಸಲ, ಅದರಲ್ಲಿ ಪುಸ್ತಕ ತೆರೆದಿದ್ದಾಗ ಹತ್ತೊಂಬತ್ತು ಸಲ. ಐದು ದಿನದಲ್ಲಿ ಹುಡುಗಿ ಎಡೆಬಿಡದೆ ಓದಿದ ಅತಿ ಉದ್ದದ ಹೊತ್ತು ಹನ್ನೊಂದು ನಿಮಿಷ. ಅದೂ ಗುರುವಾರ ಕರೆಂಟು ಹೋಗಿ, ಟಿ.ವಿ. ನಿಂತು, ಗಂಡಸು ಬೀದಿಗೆ ಹೋಗಿದ್ದರಿಂದ, ಮೇಣದಬತ್ತಿಯ ಬೆಳಕಿನಲ್ಲಿ.

ಒಬ್ಬ ಟೀಚರು ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ಪಿ.ಟಿ. ಮಾಸ್ತರು ಹಾಜರಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಹೋಮ್‌ವರ್ಕ್ ಪುಸ್ತಕದ ಪಕ್ಕಕ್ಕೆ ಸರಿಸಿದರು. ಮೈದಾನಕ್ಕೆ ಬಂದ ದಿನಗಳೂ ಲೆಕ್ಕ ಸರಿಯಾದ ದಿನಗಳೂ ಒಂದೇ ಆಗಿದ್ದವು.

"ಮನಿ ಮಾತು ಸಾಲಿಗ್ಯಾಕ ತಂದಿ?" ಎಂದ ಶ್ರೀಶೈಲ, ತಗ್ಗಿದ ದನಿಯಲ್ಲಿ.

"ಮೊದಲ ತಂದಾವ್ರು ನೀವ," ಎಂದಳು ಗುರುದೇವಿ. "ಇದ ಸಾಲಿಗೆ, ಇವರ ಮುಂದ. ನೀವು ಬಾಯಿಲೆ ತಂದ್ರಿ, ನಾ ಬರದು ತಂದೀನಿ."

ಕಲಾ ಮಿಸ್ ಹಾಳೆಯನ್ನು ಮುಂದಕ್ಕೆ ಸರಿಸಿದರು. ಅವನು ಬರೆದ. ಗ್ರೀಸಿನ ಬೆರಳಚ್ಚು ಪತ್ರದ ಮೇಲೆ ಉಳಿಯಿತು. ಅವನು ಹೋದ ಮೇಲೆ ಮಿಸ್ ಬೇಜಾರಿನಿಂದ, "ನಾನೂ ಅವತ್ತು ಮಗೂನ ಒಂದ್ ಮಾತು ಕೇಳ್ಬೇಕಿತ್ತು ಕಣ್ರೀ," ಎಂದರು. ಪರವಾಗಿಲ್ಲ ಬಿಡಿ ಮಿಸ್ ಎನ್ನುವುದು ರೂಢಿ. ಗುರುದೇವಿ ಹಾಗೆನ್ನಲಿಲ್ಲ. "ಹೌದ್ರಿ. ಕೇಳಬೇಕಾಗಿತ್ತು," ಎಂದು ನೋಟ್‌ಬುಕ್ಕು ಮುಚ್ಚಿದಳು.

ಅಷ್ಟಕ್ಕೆ ಸಾಕಾಗಬೇಕಿತ್ತು. ಬೇರೆಯವಳಾಗಿದ್ದರೆ ಸಂಜೆ ಗಂಡನಿಗೆ ಏನಾದರೂ ಸಿಹಿ ಮಾಡಿ ರಾಜಿಯಾಗುತ್ತಿದ್ದಳು. ಗುರುದೇವಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಎಳೆದು, ಫ್ಯಾಕ್ಟರಿಯ ಬೋರ್ಡಿನ ಹಾಗೆ ಗಂಟೆ ಗಂಟೆಗೆ ಮನೆ ಮಾಡಿ, ಒಂದೊಂದು ಕೆಲಸದ ಮುಂದೆ ಒಬ್ಬೊಬ್ಬರ ಹೆಸರು ಬರೆದು ಗೋಡೆಗೆ ಹೊಡೆದಳು. ನೀರು, ಕಲ್ಮೇಶ್. ಅವರವರ ಬಟ್ಟೆ, ಅವರವರು. ಅನ್ನ, ಪಲ್ಯ, ಗುರುದೇವಿ. ರೊಟ್ಟಿ, ಶ್ರೀಶೈಲ. ಇಂಚರಾಳ ಹೆಸರಿನ ಮುಂದೆ ತನ್ನ ತಟ್ಟೆ ತೊಳೆಯುವುದು ಮಾತ್ರ ಇತ್ತು. ಪಂದ್ಯ ಮುಗಿಯುವವರೆಗೆ ಅವಳಿಗೆ ದಿನವೂ ಅಭ್ಯಾಸ.

ಕಲ್ಮೇಶ್ ಎರಡು ದಿನ ಕೊಡ ಹೊತ್ತ. ಮೂರನೆಯ ದಿನ ನಾಯಂಡಹಳ್ಳಿಯಲ್ಲಿ ಗೆಳೆಯರ ರೂಮು ಸಿಕ್ಕಿದೆ ಎಂದು ಚೀಲ ಕಟ್ಟಿದ. ಒಗೆಯದ ಶರ್ಟು ಬಾಗಿಲ ಹಿಂದೆ ಬಿಟ್ಟುಹೋಗಿದ್ದ. ಗುರುದೇವಿ ಅದನ್ನು ಹಾಗೇ ಕವರಿಗೆ ತುಂಬಿ, ಶ್ರೀಶೈಲನ ಕೈಯಲ್ಲಿ ಕಳಿಸಿದಳು.

ಶ್ರೀಶೈಲ ಎರಡು ದಿನ ದರ್ಶಿನಿ ಹೋಟೆಲಿನಲ್ಲಿ ಅನ್ನ ಸಾಂಬಾರು ತಿಂದು ಬಂದ. ಆದರೆ ರೊಟ್ಟಿಯಿಲ್ಲದ ಊಟ ಆ ಕಡೆಯವರಿಗೆ ಊಟವಲ್ಲ, ನಾಷ್ಟಾ. ಮೂರನೆಯ ಸಂಜೆ ಅವನೇ ಹಿಟ್ಟಿನ ಡಬ್ಬಿ ಇಳಿಸಿದ. ಬ್ಯಾಂಡೇಜು ಬಿಚ್ಚಿದ್ದ ಗುರುದೇವಿ ಕುರ್ಚಿ ತಂದು ಅವನ ಬೆನ್ನ ಹಿಂದೆ ಒಂದು ಮೊಳ ದೂರದಲ್ಲಿ ಹಾಕಿಕೊಂಡು ಕೂತಳು. ಮೊದಲ ರೊಟ್ಟಿ ನಡುವೆ ಹರಿಯಿತು. ಎರಡನೆಯದು ಕರ್ನಾಟಕದ ನಕಾಶೆಯಾಯಿತು. ಅವನು ತಿರುಗಿ ನೋಡಿದ.

"ತಿರುಗಿ ನೋಡಿದ್ದಕ್ಕ ಆರು ಸೆಕೆಂಡ್," ಎಂದಳು. "ಒಂದಕ್ಕ ಐದು ನಿಮಿಷ ಆತು. ಟಾರ್ಗೆಟ್ ಎರಡು. ಎಡಗೈಯಾಗ ಸೋಮಾರಿತನ ಐತಿ."

ಉಣ್ಣುವಾಗ ದಪ್ಪ ಆಗಿದೆ ಎಂದಳು. ಮರುದಿನ ಉಪ್ಪು ಕಡಿಮೆ ಎಂದಳು. ಮಗ್ಗುಲು ಹಸಿ ಉಳಿದಿದೆ ಎಂದು ತಟ್ಟೆ ಪಕ್ಕಕ್ಕೆ ಸರಿಸಿದಳು, ಅವನು ಸರಿಸುತ್ತಿದ್ದ ರೀತಿಯಲ್ಲೇ, ಎರಡೇ ಬೆರಳಲ್ಲಿ. ಹನ್ನೊಂದು ವರ್ಷ ಕೇಳಿದ್ದ ಮಾತು ಒಂದೂ ಮರೆತಿರಲಿಲ್ಲ. ದಿನಕ್ಕೊಂದರಂತೆ ಹಿಂತಿರುಗಿಸಿದಳು. ರುಚಿಯೆಂದರೆ, ಆ ಕರಕಲು ರೊಟ್ಟಿಯಷ್ಟು ರುಚಿಯಾದದ್ದನ್ನು ಅವಳು ಈ ಊರಿಗೆ ಬಂದ ಮೇಲೆ ತಿಂದಿರಲಿಲ್ಲ.

ಅಕ್ಕಯ್ಯಮ್ಮನವರು ಕೆಳಗಿಳಿದು ಬಂದು ಬುದ್ಧಿ ಹೇಳಿದರು. "ಸಾಕು ಬಿಡೇ ಗುರುದೇವಿ. ದುಡಿದು ಬಂದಿರೋ ಗಂಡಸು, ಪಾಪ. ನೋಡಕ್ಕಾಗಲ್ಲ ಕಣೇ."

ಆಂಟಿ, ನಾನೂ ದುಡಿದು ಬಂದೇ ರೊಟ್ಟಿ ಬಡೀತಿದ್ದೆ, ಆಗ ನಿಮಗೆ ನೋಡೋಕಾಗ್ತಿತ್ತಾ ಎಂದು ಗುರುದೇವಿ ಕೇಳಿದಳು. ಅಕ್ಕಯ್ಯಮ್ಮ ಮೆಟ್ಟಿಲು ಹತ್ತಿ ಹೋದರು. ಮರುದಿನ ಸಂಜೆ ಏಳೂಮುಕ್ಕಾಲಿಗೆ ಅವರು ಒಂದು ಮಣೆ ಹಿಡಿದು ಇಳಿದು ಬಂದು, ಹೊಸ್ತಿಲ ಪಕ್ಕ ಹಾಕಿಕೊಂಡು, ಅವರೆಕಾಯಿ ಸುಲಿಯುತ್ತ ಕೂತರು. ಅದರ ಮರುದಿನವೂ ಬಂದರು.

ನವೆಂಬರಿನ ಕಿರುಪರೀಕ್ಷೆಯಲ್ಲಿ ಇಂಚರಾಳಿಗೆ ಗಣಿತದಲ್ಲಿ ಇಪ್ಪತ್ತೈದಕ್ಕೆ ಹತ್ತೊಂಬತ್ತು ಬಂತು. ಶ್ರೀಶೈಲ ಅದನ್ನು ಲೇತ್ ಅಂಗಡಿಯಲ್ಲಿ ಹೇಳಿಕೊಂಡನಂತೆ, ನಾನೇ ಸ್ವಲ್ಪ ಬಿಗಿ ಮಾಡಿದೆ, ಸರಿಹೋದಳು ಅಂತ. ಅಂಗಡಿಯ ಬಳಿ ಸಿಕ್ಕ ಹೆಂಗಸೊಬ್ಬಳಿಂದ ಅದು ಗುರುದೇವಿಯ ಕಿವಿಗೆ ಬಿತ್ತು.

ಪಂದ್ಯದ ಭಾನುವಾರ ವಿಜಯನಗರದ ಮೈದಾನದ ತುಂಬ ಹಳದಿ ಕೆಂಪು ಬಾವುಟ, ಕಿವಿ ಕಿತ್ತುಹೋಗುವ ಮೈಕು. ಗುರುದೇವಿ ಓವರ್‌ಟೈಮ್ ಬಿಟ್ಟು ಬಂದಿದ್ದಳು. ಇಂಚರಾ ಕಂಬದ ಬಳಿ ಕೂತವಳು, ಖೋ ಸಿಕ್ಕಿದ್ದೇ ಎದ್ದು ಓಡಿದ್ದು ಹೇಗಿತ್ತೆಂದರೆ, ಅವಳ ಜಡೆ ಹಿಂದೆ ನೆಟ್ಟಗೆ ಗಾಳಿಯಲ್ಲಿ ನಿಂತಿತ್ತು. ಮೂವರನ್ನು ಔಟ್ ಮಾಡಿದಳು. ಕೊನೆಯವಳನ್ನು ಮುಟ್ಟಲು ನೆಲಕ್ಕೆ ಹಾರಿ ಮೊಣಕಾಲು ತರಚಿಕೊಂಡಳು. ತಂಡ ಸೆಮಿಫೈನಲಿಗೆ ಬಂತು, ಸೆಮಿಫೈನಲು ನಾಳೆ ಬೆಳಿಗ್ಗೆಯೇ ಎಂದು ಮೈಕಿನಲ್ಲಿ ಕೂಗಿದರು.

ಶ್ರೀಶೈಲ ಯಾವಾಗ ಬಂದನೋ. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಪಕ್ಕದಲ್ಲಿ ನಿಂತವರಿಗೆಲ್ಲ ನಂಬರ್ ನಾಲ್ಕು ನನ್ನ ಮಗಳು ಎನ್ನುತ್ತಿದ್ದ. ಹುಡುಗಿಯರ ತಾಯಿತಂದೆಯರೂ ಬನ್ನಿ, ಫೋಟೊ ತೆಗೆಯೋಣ ಎಂದು ಪಿ.ಟಿ. ಮಾಸ್ತರು ಕರೆದರು. ಅವನು ಕೂದಲು ಸವರಿಕೊಂಡು ಮುಂದೆ ಬಂದು ಮಗಳ ಹೆಗಲ ಮೇಲೆ ಕೈಯಿಡಲು ಹೋದ. ಗುರುದೇವಿ ಬಗ್ಗಿ ಇಂಚರಾಳ ಕಾಲಿನಿಂದ ಮಣ್ಣು ಮೆತ್ತಿದ ಬೂಟು, ಕಾಲುಚೀಲ ಬಿಚ್ಚಿ, ಆ ಚಾಚಿದ ಕೈಗೆ ಇಟ್ಟಳು.

"ನಾಳೆ ಮುಂಜಾನೆ ಮತ್ತ ಆಟ ಐತಿ," ಎಂದಳು. "ಈಗ ಹೋಗಿ ಒಗದು ಹಾಕ್ರಿ, ಇಲ್ಲಾಂದ್ರ ಒಣಗೂದಿಲ್ಲ."

ಅವನು ಮಗಳ ಮುಖ ನೋಡಿದ, ಅವಳಾದರೂ ನಿಲ್ಲಪ್ಪಾ ಅನ್ನಬಹುದು ಎಂದು. ಇಂಚರಾ ಕ್ಯಾಮೆರಾದ ಕಡೆ ನೋಡುತ್ತಿದ್ದಳು.

ಆ ಫೋಟೊ ಈಗ ಅವರ ಮನೆಯ ಷೋಕೇಸಿನಲ್ಲಿದೆ. ಬರಿಗಾಲಿನ ಹುಡುಗಿ, ಪಕ್ಕದಲ್ಲಿ ನಗದೆ ನಿಂತ ಅವ್ವ. ಎಡ ಅಂಚಿನಲ್ಲಿ, ಹೊರಟುಹೋಗುತ್ತಿರುವ ಒಂದು ಇಸ್ತ್ರಿ ತೋಳಿನ ಮೊಣಕೈ ಮಾತ್ರ ಬಂದಿದೆ.